ಗ್ಲೋಬ್ ನಾಟಕಶಾಲೆಯ ಪುನರ್ನಿರ್ಮಾಣ

ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳು ನಮ್ಮ ದೇಶದ ವಿದ್ಯಾವಂತರಿಗೆ ಅಪರಿಚಿತವಾದುವಲ್ಲ. ಕನ್ನಡದಲ್ಲಿಯೂ ಅವು ಬಹುಕಾಲದಿಂದ ಬಳಕೆಯಲ್ಲಿವೆ. ಬಸವಪ್ಪಶಾಸ್ತ್ರಿಗಳು 'ಒಥೆಲೊ' ನಾಟಕವನ್ನು 'ಶೂರಸೇನ ಚರಿತ್ರೆ'ಯಾಗಿ ಕನ್ನಡಿಸಿದರು. ಕುವೆಂಪು ಅವರು 'ಟೆಂಪೆಸ್ಟ್' ನಾಟಕದಿಂದ 'ಬಿರುಗಾಳಿ'ಯನ್ನೂ 'ಹ್ಯಾಮ್ಲೆಟ್' ನಾಟಕದಿಂದ 'ರಕ್ತಾಕ್ಷಿ'ಯನ್ನೂ ರಚಿಸಿದರು. ಆದರೂ ನಮ್ಮಲ್ಲಿ ಬಹುಮಂದಿಗೆ ಈ ನಾಟಕಗಳ ಪರಿಚಯವಾಗುವುದು ಕಾಲೇಜಿನ ತರಗತಿಯಲ್ಲಿ, ಟಿಪ್ಪಣಿಗಳ ಮೂಲಕ. ಪುಸ್ತಕವನ್ನು ಓದಿ ಮುಗಿಸುವವರು ಈ ಮಾತುಗಳು ಒಂದು ನಿರ್ದಿಷ್ಟವಾದ ಕಟ್ಟಡಕ್ಕಾಗಿ, ಅಲ್ಲಿ ನೆರೆಯುತ್ತಿದ್ದ ಜನಕ್ಕಾಗಿ, ಅಲ್ಲಿ ಬೀಳುತ್ತಿದ್ದ ಹಗಲಿನ ಬೆಳಕಿಗಾಗಿ ಬರೆದುವೆಂಬುದನ್ನು ಮರೆಯುವುದು ಸಹಜವೇ ಆಗಿದೆ.

ಆ ಕಟ್ಟಡವೇ ಲಂಡನ್ನಿನ ಗ್ಲೋಬ್ ನಾಟಕಶಾಲೆ. ಅದು ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಹೇಳಹೆಸರಿಲ್ಲದಂತಾಯಿತು. ಅದಾದ ಸುಮಾರು 350 ವರ್ಷಗಳ ಮೇಲೆ, 1997ರಲ್ಲಿ, ಹಳೆಯ ನಿವೇಶನಕ್ಕೆ ಸುಮಾರು 750 ಅಡಿಗಳ ದೂರದಲ್ಲಿ, ಅದೇ ಹೆಸರಿನ, ಅದೇ ಮಾದರಿಯದೆಂದು ನಂಬಲಾದ ನಾಟಕಶಾಲೆಯೊಂದು ಮತ್ತೆ ತಲೆಯೆತ್ತಿತು. ಕಣ್ಣಿಗೆ ಕಾಣದ ಕಟ್ಟಡವನ್ನು ಕಟ್ಟಿದುದು ಹೇಗೆ? ಅದಕ್ಕೆ ಆಧಾರಗಳೇನಿದ್ದುವು? ಹಾಗೆ ಕಟ್ಟಿದುದರಿಂದ ಇತಿಹಾಸಕ್ಕೆ ಲಾಭವಾಯಿತೆ, ಅಥವಾ ಪ್ರವಾಸಿಗಳಿಗೆ ಒಂದು ಆಟಿಕೆ ದೊರೆತಂತಾಯಿತೆ? ಈ ಪ್ರಶ್ನೆಗಳನ್ನು ಈಗ ಕೊಂಚ ವಿಚಾರಮಾಡೋಣ.

ಮೊದಲು ಮೂಲದ ಕಥೆಯನ್ನು ತಿಳಿಯಬೇಕು. 1576ರಲ್ಲಿ ಜೇಮ್ಸ್ ಬರ್ಬೇಜ್ ಎಂಬಾತನು ಲಂಡನ್ ನಗರದ ಎಲ್ಲೆಯ ಹೊರಗೆ, ಶೋರ್ಡಿಚ್ ಎಂಬಲ್ಲಿ, ನಾಟಕಗಳಿಗಾಗಿಯೇ ಒಂದು ಕಟ್ಟಡವನ್ನು ಕಟ್ಟಿಸಿದನು. ಆತನು ಮರಗೆಲಸವನ್ನು ಕಲಿತು, ಅನಂತರ ನಟನಾದವನು. ನಗರದ ಅಧಿಕಾರಿಗಳಿಗೆ ನಾಟಕದವರನ್ನು ಕಂಡರೆ ಆಗುತ್ತಿರಲಿಲ್ಲವಾದುದರಿಂದ ಅವರ ಅಧಿಕಾರ ನಡೆಯದ ಸ್ಥಳವನ್ನೇ ಆರಿಸಿಕೊಂಡನು. ಆ ಕಟ್ಟಡಕ್ಕೆ ಆತನಿಟ್ಟ ಹೆಸರು 'ಥಿಯೇಟರ್' ಎಂದಷ್ಟೆ. ಭೂಮಿ ಮಾತ್ರ ಅವನದಾಗಿರಲಿಲ್ಲ. ಗೈಲ್ಸ್ ಆಲೆನ್ ಎಂಬವನಿಂದ ಅದನ್ನು 21 ವರ್ಷಗಳ ಗುತ್ತಿಗೆಗೆ ಪಡೆದಿದ್ದನು. 1597ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಅದೇ ವರ್ಷ ಬರ್ಬೇಜನೂ ತೀರಿಕೊಂಡನು. ಆಲೆನ್ನನು ಗುತ್ತಿಗೆಯನ್ನು ಮುಂದುವರಿಸುವ ಮಾತಿನಲ್ಲಿ ಹಿಂದುಮುಂದು ನೋಡುತ್ತ, ಕೊನೆಗೆ ಕಟ್ಟಡವನ್ನು ಕೀಳಿಸಿ ಮರವನ್ನು ತಾನೇ ಬಳಸಿಕೊಳ್ಳಬೇಕೆಂದಿದ್ದನು.

ಬರ್ಬೇಜನ ಮಕ್ಕಳಾದ ಕತ್ಬರ್ಟ್ ಮತ್ತು ರಿಚರ್ಡ್ ಹಳೆಯ ಗುತ್ತಿಗೆಯ ಪತ್ರವನ್ನು ಹಿಡಿದುಕೊಂಡು, ಕಟ್ಟಡವನ್ನು ಬಿಚ್ಚಿಕೊಂಡು ಹೋಗುವ ಹಕ್ಕು ತಮಗುಂಟೆಂದು ವಾದಿಸಿದರು. ವಾದವನ್ನು ನ್ಯಾಯಾಲಯದಲ್ಲಿ ಹೇಳುವುದಕ್ಕೆ ಮೊದಲು ಕಾರ್ಯದಲ್ಲಿಯೇ ತೋರಿಸಿಬಿಟ್ಟರು. 1598ರ ಡಿಸೆಂಬರ್ 28ರಂದು, ಆಲೆನ್ನನು ಊರಲ್ಲಿಲ್ಲದ ಸಮಯವನ್ನು ನೋಡಿ, ಪೀಟರ್ ಸ್ಟ್ರೀಟ್ ಎಂಬ ಬಡಗಿಯನ್ನೂ ಕೂಲಿಯವರನ್ನೂ ಕರೆದುಕೊಂಡು ಹೋಗಿ ನಾಟಕಶಾಲೆಯ ತೊಲೆಗಳನ್ನು ಬಿಚ್ಚತೊಡಗಿದರು. ಆ ಮರಗಳೆಲ್ಲವೂ ಥೇಮ್ಸ್ ನದಿಯನ್ನು ದಾಟಿ, ದಕ್ಷಿಣದ ದಡದ ಸದರ್ಕ್ ಎಂಬ ಪ್ರದೇಶವನ್ನು ಸೇರಿದುವು. 1599ರಲ್ಲಿ ಅಲ್ಲಿ ಎದ್ದುನಿಂತ ಕಟ್ಟಡವೇ ಗ್ಲೋಬ್. ಆಲೆನ್ನನು ದಾವೆಯ ಮೇಲೆ ದಾವೆ ಹೂಡಿದನು. ಅವನಿಗೆ ಗೆಲುವು ದೊರೆಯಲಿಲ್ಲ. ಆದರೆ ಆ ವ್ಯಾಜ್ಯದ ಕಾಗದಪತ್ರಗಳು ಉಳಿದುಬಂದುದರಿಂದ ಈ ವೃತ್ತಾಂತವೆಲ್ಲವೂ ನಮಗೆ ತಿಳಿಯುವಂತಾಯಿತು. ಇತಿಹಾಸವನ್ನು ಬರೆಯುವವರು ಜಗಳಗಂಟರಿಗೆ ಎಷ್ಟು ಋಣಿಗಳೆಂಬುದಕ್ಕೆ ಇದೊಂದು ನಿದರ್ಶನ.

ಬರ್ಬೇಜ್ ಸಹೋದರರ ಕೈಯಲ್ಲಿ ಹಣ ಸಾಲದಾಗಿತ್ತು. ಆದುದರಿಂದ ಅರ್ಧಭಾಗವನ್ನು ತಾವಿಟ್ಟುಕೊಂಡು, ಉಳಿದ ಅರ್ಧವನ್ನು ತಮ್ಮ ಮಂಡಲಿಯ ಐವರು ನಟರಿಗೆ ಹಂಚಿದರು. ಆ ಐವರಲ್ಲಿ ಒಬ್ಬನು ವಿಲಿಯಂ ಷೇಕ್ಸ್‌ಪಿಯರ್. ಹೀಗೆ ಕವಿಯು ತನ್ನ ನಾಟಕಗಳನ್ನು ಆಡುವ ಮನೆಯ ಹತ್ತನೆಯ ಒಂದು ಪಾಲಿಗೆ ಒಡೆಯನೂ ಆದನು. ಬಾಗಿಲಲ್ಲಿ ಬಿದ್ದ ಕಾಸಿನ ಸದ್ದು ಅವನ ಕಿವಿಗೂ ಬೀಳುತ್ತಿತ್ತೆಂಬುದನ್ನು ನೆನೆದರೆ ಅವನ ನಾಟಕಗಳಲ್ಲಿ ರಾಜರ ಪಕ್ಕದಲ್ಲಿಯೇ ವಿದೂಷಕರಿಗೂ ಸ್ಥಳ ದೊರೆತುದು ಆಶ್ಚರ್ಯವೆನಿಸದು.

ಈ ನಾಟಕಶಾಲೆ ಹೇಗಿತ್ತು? ದೂರದಿಂದ ದುಂಡಾಗಿ ತೋರುತ್ತಿದ್ದ, ಅನೇಕ ಪಾರ್ಶ್ವಗಳುಳ್ಳ ಮೂರಂತಸ್ತಿನ ಮರದ ಕಟ್ಟಡ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಅಂಗಳದೊಳಕ್ಕೆ ಚಾಚಿಕೊಂಡ ಎತ್ತರದ ರಂಗ. ರಂಗದ ಮೇಲೆ ಎರಡು ಕಂಬಗಳು ಹೊತ್ತ ಚಾವಣಿ. ಸುತ್ತಲೂ ಅಟ್ಟಗಳಲ್ಲಿ ಆಸನಗಳು. 1599ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಥಾಮಸ್ ಪ್ಲಾಟರ್ ಎಂಬ ಪ್ರವಾಸಿಯು, ಮಧ್ಯಾಹ್ನದ ಊಟವಾದ ಮೇಲೆ ನದಿಯನ್ನು ದಾಟಿ ಹೋಗಿ, ಹುಲ್ಲು ಹೊದಿಸಿದ ಮನೆಯಲ್ಲಿ ಜೂಲಿಯಸ್ ಸೀಸರನ ನಾಟಕವನ್ನು ನೋಡಿದುದಾಗಿ ಬರೆದಿಟ್ಟಿರುವನು. ಸುಮಾರು ಹದಿನೈದು ಮಂದಿ ಪಾತ್ರಧಾರಿಗಳಿದ್ದರೆಂದೂ, ದುರಂತ ನಾಟಕವು ಮುಗಿದೊಡನೆ ನಟರು ಸೊಗಸಾಗಿ ಕುಣಿದರೆಂದೂ ಆತನು ತಿಳಿಸುತ್ತಾನೆ. ಲಂಡನ್ನಿನ ನಾಟಕಶಾಲೆಗಳ ದರಗಳನ್ನೂ ಆತನೇ ಹೇಳಿರುವನು. ಒಂದು ಪೆನ್ನಿಯನ್ನು ಕೊಟ್ಟವನು ಅಂಗಳದಲ್ಲಿ ನಿಲ್ಲಬಹುದು. ಇನ್ನೊಂದು ಪೆನ್ನಿಗೆ ಕುಳಿತುಕೊಳ್ಳಬಹುದು. ಮತ್ತೂ ಒಂದನ್ನು ತೆತ್ತರೆ ಮೆತ್ತೆಯ ಮೇಲೆ, ತಾನು ಎಲ್ಲವನ್ನೂ ನೋಡುವಂತೆಯೂ ಎಲ್ಲರೂ ತನ್ನನ್ನು ನೋಡುವಂತೆಯೂ, ಕುಳಿತುಕೊಳ್ಳಬಹುದು.

1613ರ ಜೂನ್ 29ರಂದು ಎಂಟನೆಯ ಹೆನ್ರಿಯ ನಾಟಕ ನಡೆಯುತ್ತಿದ್ದಾಗ, ರಾಜನ ಪ್ರವೇಶಕ್ಕಾಗಿ ಹಾರಿಸಿದ ತೋಪಿನ ಕಿಡಿಯು ಹುಲ್ಲಿನ ಚಾವಣಿಗೆ ತಗುಲಿ, ಕಟ್ಟಡವೆಲ್ಲವೂ ಸುಟ್ಟುಹೋಯಿತು. ಪ್ರಾಣಹಾನಿಯೇನೂ ಆಗಲಿಲ್ಲ. ಒಬ್ಬನ ಷರಾಯಿಗೆ ಬೆಂಕಿ ಹತ್ತಿ, ಅವನು ಜಾಣತನದಿಂದ ಬಾಟ್ಲಿಯಲ್ಲಿದ್ದ ಮದ್ಯದಿಂದಲೇ ಅದನ್ನು ಆರಿಸಿಕೊಂಡನೆಂದು ಸರ್ ಹೆನ್ರಿ ವಾಟನ್ನನ ಪತ್ರವೊಂದರಿಂದ ತಿಳಿದುಬರುತ್ತದೆ. ಮರುವರ್ಷವೇ ಹಳೆಯ ಅಡಿಪಾಯದ ಮೇಲೆ ಎರಡನೆಯ ಗ್ಲೋಬ್ ಎದ್ದಿತು. ಈ ಸಲ ಹೆಂಚಿನ ಚಾವಣಿಯನ್ನು ಹಾಕಿದರು. 1642ರಲ್ಲಿ ಪಾರ್ಲಿಮೆಂಟಿನ ಆಜ್ಞೆಯಿಂದ ನಾಟಕಶಾಲೆಗಳೆಲ್ಲವೂ ಮುಚ್ಚಿದುವು. ಕೆಲವು ವರ್ಷಗಳಲ್ಲಿಯೇ ಗ್ಲೋಬನ್ನು ಕೆಡವಿ, ನಿವೇಶನವನ್ನು ವಾಸದ ಮನೆಗಳಿಗೆ ಬಳಸಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾವು ಮೂಲ ಗ್ಲೋಬ್ ಎಂದು ಕರೆಯುವುದೇ ಒಂದು ಪುನರ್ನಿರ್ಮಾಣವಾಗಿತ್ತು. 1576ರ ತೊಲೆಗಳು 1599ರ ಕಟ್ಟಡಕ್ಕೆ ಬಂದುವು. 1599ರ ಅಡಿಪಾಯವು 1614ರ ಕಟ್ಟಡವನ್ನು ಹೊತ್ತಿತು. ಬಿಚ್ಚುವುದು, ಕಟ್ಟುವುದು, ಸುಟ್ಟುದನ್ನು ಮತ್ತೆ ಎಬ್ಬಿಸುವುದು, ಇವು ಆ ನಟರಿಗೆ ವೃತ್ತಿಯ ಭಾಗವೇ ಆಗಿದ್ದುವು. ಆದುದರಿಂದ ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಮತ್ತೊಮ್ಮೆ ಕಟ್ಟಿದುದು ಸ್ವಭಾವಕ್ಕೆ ವಿರುದ್ಧವಾದ ಕೆಲಸವೆಂದು ಹೇಳಲಾಗದು. ವ್ಯತ್ಯಾಸವಿಷ್ಟೆ: ಬರ್ಬೇಜ್ ಸಹೋದರರಿಗೆ ತಾವು ಏನನ್ನು ಕಟ್ಟುತ್ತಿದ್ದೇವೆಂಬುದು ಗೊತ್ತಿತ್ತು, ನಮ್ಮ ಕಾಲದವರಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದ್ದನ್ನು ಊಹಿಸುವುದಕ್ಕೆ ಇದ್ದ ಸಾಧನಗಳನ್ನು ಈಗ ನೋಡೋಣ. ಗ್ಲೋಬಿನ ನಕ್ಷೆಯಾಗಲಿ, ಅದನ್ನು ಕಟ್ಟಿದ ಕರಾರುಪತ್ರವಾಗಲಿ ಉಳಿದಿಲ್ಲ. ಆದರೆ 1600ರಲ್ಲಿ ಅದೇ ಬಡಗಿ ಪೀಟರ್ ಸ್ಟ್ರೀಟನು 'ಫಾರ್ಚೂನ್' ಎಂಬ ಇನ್ನೊಂದು ನಾಟಕಶಾಲೆಯನ್ನು 440 ಪೌಂಡುಗಳಿಗೆ ಕಟ್ಟಿಕೊಡಲು ಬರೆದುಕೊಟ್ಟ ಕರಾರು ನಮ್ಮ ಕೈಸೇರಿದೆ. ಅದು ಚೌಕವಾದ ಕಟ್ಟಡ; ಹೊರಗೆ 80 ಅಡಿ, ಒಳಗೆ 55 ಅಡಿ. ಅಂತಸ್ತುಗಳ ಎತ್ತರ ಕ್ರಮವಾಗಿ 12, 11 ಮತ್ತು 9 ಅಡಿ. ರಂಗದ ಅಗಲ 43 ಅಡಿ. ಇಷ್ಟೆಲ್ಲವನ್ನೂ ಬಿಡಿಸಿ ಹೇಳಿದ ಪತ್ರವು ಅತ್ಯಗತ್ಯವಾದ ಎಡೆಗಳಲ್ಲಿ ಮಾತ್ರ, ಇದು ಗ್ಲೋಬಿನಲ್ಲಿರುವಂತೆಯೇ ಇರತಕ್ಕದ್ದೆಂದು ಹೇಳಿ ಮುಗಿಸುತ್ತದೆ. ಬರೆದವರಿಗೂ ಓದಿದವರಿಗೂ ಗ್ಲೋಬ್ ನದಿಯ ಆಚೆ ಕಣ್ಣೆದುರಿಗೇ ಇತ್ತು. ಪತ್ರಕ್ಕೆ ಸೇರಿಸಿದ್ದ ನಕ್ಷೆಯೂ ಕಳೆದುಹೋಗಿದೆ. ಎಲ್ಲರಿಗೂ ತಿಳಿದಿರುವ ವಿಷಯವನ್ನು ಯಾರೂ ಬರೆದಿಡುವುದಿಲ್ಲ. ಮುಂದೆ ಯಾರಿಗೂ ತಿಳಿಯದೆ ಹೋಗುವುದು ಅದೇ.

ಎರಡನೆಯ ಸಾಧನ ಚಿತ್ರಗಳು. ಡಚ್ ಪ್ರವಾಸಿಯಾದ ಯೋಹಾನೆಸ್ ಡೆ ವಿಟ್ ಎಂಬವನು 1596ರ ಸುಮಾರಿಗೆ 'ಸ್ವಾನ್' ನಾಟಕಶಾಲೆಯ ಒಳಭಾಗವನ್ನು ಚಿತ್ರಿಸಿದನು. ಮೂಲವು ನಷ್ಟವಾಗಿ, ಅವನ ಸ್ನೇಹಿತನು ಮಾಡಿಕೊಂಡ ಪ್ರತಿಯು 1888ರಲ್ಲಿ ಯುಟ್ರೆಕ್ಟಿನ ವಿಶ್ವವಿದ್ಯಾನಿಲಯದ ಪುಸ್ತಕ ಭಂಡಾರದಿಂದ ಬೆಳಕಿಗೆ ಬಂದಿತು. ಆ ಕಾಲದ ಬಯಲು ನಾಟಕಶಾಲೆಯ ಒಳಗನ್ನು ತೋರಿಸುವ ಚಿತ್ರ ಇದೊಂದೇ. ಹೊರಗಿನ ರೂಪಕ್ಕೆ ಹೆಚ್ಚು ಸಹಾಯವಾದವನು ವೆನ್ಸೆಸ್ಲಾಸ್ ಹಾಲರ್ ಎಂಬ ಚಿತ್ರಗಾರ. ಅವನು ಈಗಿನ ಸದರ್ಕ್ ಕೆಥೆಡ್ರಲ್ಲಿನ ಗೋಪುರದಿಂದ ನೋಡಿ ಬರೆದ ಪೆನ್ಸಿಲ್ ಚಿತ್ರದಲ್ಲಿ ಎರಡನೆಯ ಗ್ಲೋಬ್ ಕಾಣುತ್ತದೆ. ಅದರಿಂದ ಅವನು ಕೆತ್ತಿದ ಲಂಡನ್ ನಗರದ ದೀರ್ಘದೃಶ್ಯವು 1647ರಲ್ಲಿ ಪ್ರಕಟವಾಯಿತು. ಆ ಕೆತ್ತನೆಯಲ್ಲಿ ಹೆಸರುಗಳು ಅದಲುಬದಲಾಗಿ, ಗ್ಲೋಬಿಗೆ ಕರಡಿ ಕಾಳಗದ ಮನೆಯೆಂದೂ ಕರಡಿಯ ಮನೆಗೆ ಗ್ಲೋಬೆಂದೂ ಅಚ್ಚಾಗಿದೆ. ಜಾನ್ ಓರೆಲ್ ಎಂಬ ವಿದ್ವಾಂಸರು ಪೆನ್ಸಿಲ್ ಚಿತ್ರವನ್ನು ಇಂದಿಗೂ ನಿಂತಿರುವ ಕಟ್ಟಡಗಳೊಡನೆ ತಾಳೆನೋಡಿ ಲೆಕ್ಕಹಾಕಿ, ಗ್ಲೋಬಿನ ವ್ಯಾಸವು ಸುಮಾರು 100 ಅಡಿಗಳೆಂದು ನಿಶ್ಚಯಿಸಿದರು.

ಕಟ್ಟುವ ಹಂಬಲವೇನೂ ಹೊಸದಾಗಿರಲಿಲ್ಲ. ವಿಲಿಯಂ ಪೋಯಲ್ ಎಂಬ ನಾಟಕಪ್ರಯೋಕ್ತೃವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅದಕ್ಕೆ ಯೋಜನೆ ಹಾಕಿದ್ದರು. 1912ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ವಸ್ತುಪ್ರದರ್ಶನದಲ್ಲಿ ಗ್ಲೋಬಿನ ಪ್ರತಿಕೃತಿಯೊಂದು ನಿಂತಿತ್ತು. 1934ರಲ್ಲಿ ಅಮೆರಿಕೆಯ ಷಿಕಾಗೊ ನಗರದ ಪ್ರದರ್ಶನದಲ್ಲಿಯೂ, 1935ರಲ್ಲಿ ಸಾನ್ ಡಿಯೇಗೊದಲ್ಲಿಯೂ ಅಂಥವನ್ನು ಎಬ್ಬಿಸಿ, ನಾಟಕಗಳನ್ನು ಮೊಟಕುಮಾಡಿ ಆಡಿ ತೋರಿಸಿದರು. ಅವು ಜಾತ್ರೆಯ ಕಟ್ಟಡಗಳು. ಜನ ಸೇರಿದರೆ ಸಾಕು, ಅಳತೆ ಸರಿಯಾಗಿರಬೇಕೆಂಬ ನಿರ್ಬಂಧ ಅವುಗಳಿಗಿರಲಿಲ್ಲ.

ಈ ಜಾತ್ರೆಯ ಬೀಜವೇ ಒಂದು ಗಂಭೀರವಾದ ಕಾರ್ಯವಾಗಿ ಬೆಳೆದುದು ಸ್ಯಾಮ್ ವಾನಮೇಕರ್ ಎಂಬ ಅಮೆರಿಕದ ನಟರಿಂದ. ಇವರು 1919ರಲ್ಲಿ ಷಿಕಾಗೊ ನಗರದಲ್ಲಿ ಹುಟ್ಟಿದವರು. ಯೌವನದಲ್ಲಿ ಕ್ಲೀವ್‌ಲೆಂಡಿನ ಪ್ರದರ್ಶನದ ಪ್ರತಿಕೃತಿ ಗ್ಲೋಬಿನಲ್ಲಿ ನಟಿಸಿದ್ದರು. 1949ರಲ್ಲಿ ಲಂಡನ್ನಿಗೆ ಬಂದಾಗ ಗ್ಲೋಬ್ ಇದ್ದ ಸ್ಥಳವನ್ನು ಹುಡುಕಿಕೊಂಡು ಹೋದರು. ಅವರಿಗೆ ಕಂಡುದು ಒಂದು ಮದ್ಯದ ಕಾರ್ಖಾನೆಯ ಗೋಡೆ, ಅದರ ಮೇಲೊಂದು ಕಂಚಿನ ಫಲಕ, ಅಷ್ಟೆ. ಜಗತ್ತಿನ ಅತಿ ಪ್ರಸಿದ್ಧನಾದ ನಾಟಕಕಾರನ ರಂಗಕ್ಕೆ ಅವನ ದೇಶದ ರಾಜಧಾನಿಯಲ್ಲಿ ಇದಕ್ಕಿಂತ ಹೆಚ್ಚಿನ ಗುರುತಿಲ್ಲವೆಂಬುದು ಅವರ ಮನಸ್ಸನ್ನು ಕೊರೆಯಿತು. ಅಮೆರಿಕೆಯಲ್ಲಿ ಕಮ್ಯೂನಿಸ್ಟರೆಂಬ ಶಂಕೆಗೆ ಒಳಗಾದ ಕಲಾವಿದರನ್ನು ದೂರಮಾಡುತ್ತಿದ್ದ ದಿನಗಳು ಬಂದುದರಿಂದ ಅವರು ಇಂಗ್ಲೆಂಡಿನಲ್ಲಿಯೇ ನೆಲಸಿದರು. 1970ರಲ್ಲಿ ಗ್ಲೋಬಿನ ಪುನರ್ನಿರ್ಮಾಣಕ್ಕಾಗಿ ಒಂದು ಟ್ರಸ್ಟನ್ನು ಸ್ಥಾಪಿಸಿದರು.

ಅಲ್ಲಿಂದ ಮುಂದಿನ ಇಪ್ಪತ್ತಮೂರು ವರ್ಷಗಳು ಅವರ ಬಾಳಿನಲ್ಲಿ ಹಣ ಬೇಡುವುದಕ್ಕೂ ಮನಸ್ಸುಗಳನ್ನು ಒಲಿಸಿಕೊಳ್ಳುವುದಕ್ಕೂ ಮೀಸಲಾದುವು. ವಿರೋಧಿಗಳಿಗೆ ಕೊರತೆಯಿರಲಿಲ್ಲ. ಇದೊಂದು ಪ್ರವಾಸಿಗಳ ಬೊಂಬೆಮನೆಯಾದೀತೆಂದು ಕೆಲವು ವಿದ್ವಾಂಸರೂ ನಟರೂ ಮೂಗುಮುರಿದರು. ಸದರ್ಕಿನ ಪೌರಸಭೆಯಲ್ಲಿ ಎಂಬತ್ತರ ದಶಕದಲ್ಲಿ ಅಧಿಕಾರಕ್ಕೆ ಬಂದವರ ಆಕ್ಷೇಪಣೆಯು ಇನ್ನೂ ತೂಕವಾದುದು. ಅದು ಬಡವರು ವಾಸಿಸುವ ಪ್ರದೇಶ. ಅವರಿಗೆ ಬೇಕಾದುದು ಮನೆಗಳು. ರಸ್ತೆ ಗುಡಿಸುವವರ ಸಾಮಾನಿನ ಕೊಟ್ಟಡಿಗಳಿರುವ ನಿವೇಶನವನ್ನು ತೆಗೆದು ನಾಟಕಕ್ಕೆ ಕೊಡುವುದು ನ್ಯಾಯವೆ ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಳೆಯದನ್ನು ಎತ್ತಿ ನಿಲ್ಲಿಸಬೇಕೆನ್ನುವವರು, ಈಗ ಬದುಕಿರುವವರ ಅವಶ್ಯಕತೆಗಳಿಗೆ ಉತ್ತರ ಹೇಳಬೇಕಾದುದು ಎಲ್ಲ ದೇಶಗಳಲ್ಲಿಯೂ ಸಮಾನವಾದ ಧರ್ಮ. ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೂ ಹೋಗಿ 1986ರಲ್ಲಿ ಟ್ರಸ್ಟಿಗೆ ಅನುಕೂಲವಾಗಿ ಮುಗಿಯಿತು. ಗುತ್ತಿಗೆಯ ಜಗಳದಿಂದ ಹುಟ್ಟಿದ ನಾಟಕಶಾಲೆಯು ಗುತ್ತಿಗೆಯ ಜಗಳದ ಮೂಲಕವೇ ಮರುಹುಟ್ಟು ಪಡೆಯಬೇಕಾಯಿತು.

ಆಗ, 1989ರಲ್ಲಿ, ಭೂಮಿಯೇ ಬಾಯಿತೆರೆದಂತೆ ಎರಡು ಸಂಗತಿಗಳು ನಡೆದುವು. ವರ್ಷದ ಮೊದಲಲ್ಲಿ, ಕಚೇರಿಯ ಕಟ್ಟಡವೊಂದಕ್ಕಾಗಿ ಅಗೆಯುತ್ತಿದ್ದಾಗ, ಗ್ಲೋಬಿನ ನೆರೆಯಲ್ಲಿದ್ದ 'ರೋಸ್' ನಾಟಕಶಾಲೆಯ ತಳಪಾಯವು ಕಾಣಿಸಿತು. ಅದು 1587ರ ಕಟ್ಟಡ. ನಟರೂ ವಿದ್ವಾಂಸರೂ ಬೀದಿಗಿಳಿದು ಪ್ರತಿಭಟಿಸಿದುದರಿಂದ ಹೊಸ ಕಟ್ಟಡವನ್ನು ಎತ್ತರಿಸಿ ಕಟ್ಟಿ, ಅವಶೇಷಗಳನ್ನು ಅದರ ಕೆಳಗೆ ಉಳಿಸಿಕೊಳ್ಳಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ಲೋಬಿನ ಅಡಿಪಾಯದ ಒಂದು ಸಣ್ಣ ತುಣುಕೂ ದೊರೆಯಿತು. ಇಡೀ ಕಟ್ಟಡದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಅದು ಹೆಚ್ಚಿರಲಾರದು. ಉಳಿದುದೆಲ್ಲವೂ ಆಂಕರ್ ಟೆರೇಸ್ ಎಂಬ ಹತ್ತೊಂಬತ್ತನೆಯ ಶತಮಾನದ ಮನೆಗಳ ಸಾಲಿನ ಕೆಳಗೂ ರಸ್ತೆಯ ಕೆಳಗೂ ಹುದುಗಿದೆ. ಆ ಮನೆಗಳೂ ಪ್ರಾಚೀನ ಕಟ್ಟಡಗಳೆಂದು ಕಾನೂನಿನ ರಕ್ಷಣೆಯಲ್ಲಿರುವುದರಿಂದ ಅವುಗಳನ್ನು ಕೆಡವುವಂತಿಲ್ಲ. ಒಂದು ಪರಂಪರೆಯನ್ನು ಕಾಪಾಡುವ ಕಾನೂನು ಇನ್ನೊಂದು ಪರಂಪರೆಯನ್ನು ಮುಚ್ಚಿಟ್ಟಿರುವುದು ವಿಚಿತ್ರವಾಗಿ ತೋರಿದರೂ ನ್ಯಾಯವಾದುದೇ.

ದೊರೆತ ತುಣುಕಿನಲ್ಲಿ ಗೋಡೆಯು ತಿರುಗುವ ಒಂದು ಕೋನವಿತ್ತು. ಅದನ್ನು ಹಿಡಿದು ಲೆಕ್ಕಹಾಕಿ, ಅದುವರೆಗೆ 24 ಪಾರ್ಶ್ವಗಳೆಂದು ಮಾಡಿದ್ದ ನಕ್ಷೆಯನ್ನು ತಿದ್ದಿ 20 ಪಾರ್ಶ್ವಗಳೆಂದು ನಿರ್ಧರಿಸಿದರು. ವ್ಯಾಸವನ್ನು 100 ಅಡಿಗಳ ಸಮೀಪದಲ್ಲಿಯೇ ಇಟ್ಟುಕೊಂಡರು. ಈ ನಿರ್ಣಯವನ್ನು ಎಲ್ಲರೂ ಒಪ್ಪಲಿಲ್ಲ. ವಿದ್ವತ್ಸಭೆಯಲ್ಲಿ ವಾದವನ್ನು ನಾಳೆಗೆ ಮುಂದೂಡಬಹುದು. ಪುಸ್ತಕದಲ್ಲಿಯಾದರೆ ಎರಡು ಪಕ್ಷಗಳನ್ನೂ ಬರೆದು, ಓದುಗರ ವಿವೇಚನೆಗೆ ಬಿಡಬಹುದು. ಬಡಗಿಗೆ ಆ ಅನುಕೂಲವಿಲ್ಲ. ತೊಲೆಯನ್ನು ಇಷ್ಟೇ ಉದ್ದಕ್ಕೆ ಕೊಯ್ಯಬೇಕು, ಇದೇ ಕೋನದಲ್ಲಿ ಕೂಡಿಸಬೇಕು. ಸಂದೇಹವನ್ನು ಮರದಲ್ಲಿ ಕೆತ್ತುವುದಕ್ಕಾಗುವುದಿಲ್ಲ. ಪುನರ್ನಿರ್ಮಾಣದ ನಿಜವಾದ ಕಷ್ಟವೂ ಅದರ ಪ್ರಯೋಜನವೂ ಇಲ್ಲಿಯೇ ಇವೆಯೆಂದು ನಮ್ಮ ಅಭಿಪ್ರಾಯ. ಮೆಟ್ಟಿಲುಗಳೆಲ್ಲಿದ್ದುವು, ರಂಗದ ಮೇಲಿನ ಕಂಬಗಳು ಅಂಚಿನಿಂದ ಎಷ್ಟು ದೂರ, ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಎಂಬಂಥ, ಯಾರೂ ಕೇಳದಿದ್ದ ಪ್ರಶ್ನೆಗಳನ್ನು ವಿದ್ವಾಂಸರು ಕೇಳಲೇಬೇಕಾಯಿತು.

ವಾಸ್ತುಶಿಲ್ಪಿ ಥಿಯೊ ಕ್ರಾಸ್ಬಿಯವರು ನಕ್ಷೆಯನ್ನು ಸಿದ್ಧಪಡಿಸಿದರು. ಪೀಟರ್ ಮೆಕ್‌ಕರ್ಡಿ ಎಂಬ ಕುಶಲ ಬಡಗಿಗಳು ಮರದ ಕೆಲಸವನ್ನು ವಹಿಸಿಕೊಂಡರು. ಆ ಕಾಲದಿಂದ ಉಳಿದು ಬಂದಿರುವ ಮರದ ಮನೆಗಳನ್ನು ಪರೀಕ್ಷಿಸಿ ಹಳೆಯ ಕೆಲಸದ ಕ್ರಮವನ್ನು ಕಂಡುಕೊಂಡರು. ಹಸಿಯ ಓಕ್ ಮರದ ತೊಲೆಗಳನ್ನು, ಒಂದರ ತುದಿಯನ್ನು ಮತ್ತೊಂದರ ತೂತಿನೊಳಗೆ ಸೇರಿಸಿ, ಮರದ ಗೂಟಗಳನ್ನು ಬಡಿದು ಬಿಗಿದರು. ಮರವು ಒಣಗಿದಂತೆಲ್ಲ ಕೂಡಿಕೆಗಳು ಇನ್ನೂ ಬಿಗಿಯಾಗುವುವು. ಸುಣ್ಣ, ಮರಳು, ಆಡಿನ ಕೂದಲು ಇವುಗಳನ್ನು ಕಲಸಿದ ಗಾರೆಯನ್ನು ಗೋಡೆಗಳಿಗೆ ಬಳಿದರು. ಚಾವಣಿಗೆ ನಾರ್ಫೋಕ್ ಸೀಮೆಯ ಜೊಂಡನ್ನು ಹೊದಿಸಿದರು. 1666ರ ಮಹಾ ಅಗ್ನಿಪ್ರಕೋಪದ ಅನಂತರ ಲಂಡನ್ನಿನ ನಡುಭಾಗದಲ್ಲಿ ಹುಲ್ಲಿನ ಚಾವಣಿಗೆ ಅನುಮತಿ ದೊರೆತುದು ಇದೇ ಮೊದಲು. ಅನುಮತಿಗೆ ಪ್ರತಿಯಾಗಿ ಚಾವಣಿಯ ಮೇಲೆ ನೀರು ಚಿಮ್ಮುವ ಕೊಳವೆಗಳನ್ನು ಅಳವಡಿಸಬೇಕಾಯಿತು. ಹೊರಹೋಗುವ ಬಾಗಿಲುಗಳನ್ನು ಹೆಚ್ಚಿಸಬೇಕಾಯಿತು. ಹಿಂದೆ ಸುಮಾರು 3,000 ಮಂದಿ ಒತ್ತಿಕೊಂಡು ಸೇರುತ್ತಿದ್ದ ಸ್ಥಳದಲ್ಲಿ ಈಗ ಅದರ ಅರ್ಧದಷ್ಟು ಜನಕ್ಕೆ ಮಾತ್ರ ಪ್ರವೇಶ. ಅವರಲ್ಲಿ ಸುಮಾರು 700 ಮಂದಿ ಅಂಗಳದಲ್ಲಿ ನಿಲ್ಲುವವರು.

ಕೆಲಸವು ಮುಗಿದುದನ್ನು ನೋಡುವ ಭಾಗ್ಯವು ಇಬ್ಬರು ಮುಖ್ಯರಿಗೂ ಇರಲಿಲ್ಲ. ವಾನಮೇಕರರು 1993ರ ಡಿಸೆಂಬರಿನಲ್ಲಿಯೂ, ಕ್ರಾಸ್ಬಿಯವರು ಮರುವರ್ಷವೂ ತೀರಿಕೊಂಡರು. 1997ರ ಜೂನ್ ತಿಂಗಳಲ್ಲಿ ಎರಡನೆಯ ಎಲಿಜಬೆತ್ ರಾಣಿಯವರು ನಾಟಕಶಾಲೆಯನ್ನು ಉದ್ಘಾಟಿಸಿದರು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಕಟ್ಟಿದುದು ಎರಡನೆಯವರ ಕಾಲದಲ್ಲಿ ಪುನಃ ತೆರೆಯಿತು.

ಇನ್ನು ಇದರಿಂದ ತಿಳಿದುಬಂದುದೇನೆಂಬುದನ್ನು ಹೇಳಬೇಕು. ಮೊದಲನೆಯದು, ಬೆಳಕಿನ ವಿಷಯ. ನಮ್ಮ ಕಾಲದ ನಾಟಕಗೃಹದಲ್ಲಿ ಪ್ರೇಕ್ಷಕನು ಕತ್ತಲೆಯಲ್ಲಿ ಕುಳಿತು ಬೆಳಕಿನಲ್ಲಿರುವ ನಟನನ್ನು ನೋಡುತ್ತಾನೆ. ಗ್ಲೋಬಿನಲ್ಲಿ ಇಬ್ಬರಿಗೂ ಒಂದೇ ಆಕಾಶ, ಒಂದೇ ಬೆಳಕು. ಅಷ್ಟೇ ಅಲ್ಲ, ಅಪರಾಹ್ನದಲ್ಲಿ ರಂಗವು ನೆರಳಿನಲ್ಲಿದ್ದು ಬಿಸಿಲು ಪ್ರೇಕ್ಷಕರ ಮುಖದ ಮೇಲೆಯೇ ಬೀಳುವಂತೆ ಕಟ್ಟಡದ ದಿಕ್ಕಿದೆ. ಹೀಗಾಗಿ ನಟನಿಗೆ ಎದುರಿಗಿರುವವರ ಕಣ್ಣುಗಳು ಕಾಣುತ್ತವೆ. ಹ್ಯಾಮ್ಲೆಟನ ಸ್ವಗತಗಳನ್ನು ಒಬ್ಬನ ಅಂತರಂಗದ ಗೊಣಗಾಟವೆಂದು ನಾವು ತರಗತಿಯಲ್ಲಿ ಓದಿದೆವು. ನೂರಾರು ಮುಖಗಳನ್ನು ಕಾಣುತ್ತ ನಿಂತ ನಟನಿಗೆ ಅದು ಗೊಣಗಾಟವಾಗಿ ಉಳಿಯುವುದಿಲ್ಲ. ಅವನು ಪ್ರಶ್ನೆಯನ್ನು ಜನರನ್ನೇ ಕೇಳುತ್ತಾನೆ. 1997ರಲ್ಲಿ ಐದನೆಯ ಹೆನ್ರಿಯ ನಾಟಕವನ್ನು ಆಡಿದಾಗ, ಫ್ರೆಂಚರ ಪಾತ್ರಗಳು ಬಂದೊಡನೆ ಅಂಗಳದ ಜನರು ಕೂಗಿ ಹಳಿದರು. ಕೆಲವು ವಿಮರ್ಶಕರಿಗೆ ಇದು ಅಸಭ್ಯವಾಗಿ ತೋರಿತು. ನಮ್ಮ ನಾಡಿನ ಬಯಲಾಟಗಳನ್ನು ಕಂಡವರಿಗೆ ಇದರಲ್ಲಿ ವಿಸ್ಮಯವೇನೂ ತೋರಲಾರದು. ಮೂರು ಕಡೆಗಳಲ್ಲಿ ಜನ ನೆರೆದಿರುವ ರಂಗದಲ್ಲಿ ಪ್ರೇಕ್ಷಕನು ಸುಮ್ಮನೆ ನೋಡುವವನಲ್ಲ, ಆಟದಲ್ಲಿ ಪಾಲುಗಾರನು.

ಎರಡನೆಯದು, ದೃಶ್ಯಗಳ ವೇಗ. ಪರದೆಯೂ ಸೀನರಿಯೂ ಇಲ್ಲದ ರಂಗದಲ್ಲಿ ಒಬ್ಬನು ಒಂದು ಬಾಗಿಲಿನಿಂದ ಹೋಗುತ್ತಿರುವಂತೆಯೇ ಮತ್ತೊಬ್ಬನು ಇನ್ನೊಂದು ಬಾಗಿಲಿನಿಂದ ಬರಬಹುದು. ರೋಮ್ ನಗರವು ಕ್ಷಣದಲ್ಲಿ ಈಜಿಪ್ಟಾಗಬಹುದು. ಪುಸ್ತಕದಲ್ಲಿ ಅತಿಯಾಗಿ ತುಂಡುತುಂಡೆಂದು ತೋರುವ 'ಆಂಟನಿ ಮತ್ತು ಕ್ಲಿಯೋಪಾತ್ರ'ದಂಥ ನಾಟಕದ ರಚನೆಯು ಇಂಥ ರಂಗದಲ್ಲಿ ಸಹಜವೆನಿಸುತ್ತದೆ. ರಾತ್ರಿಯೆಂಬುದನ್ನೂ ಬಿರುಗಾಳಿಯೆಂಬುದನ್ನೂ ಮಾತೇ ಹುಟ್ಟಿಸಬೇಕಾಗಿತ್ತಾದುದರಿಂದ ಕವಿಯ ಮಾತಿಗೆ ಅಷ್ಟು ಶಕ್ತಿ ಬಂದುದು. ಹಾಡುಹಗಲಿನಲ್ಲಿ ಮ್ಯಾಕ್‌ಬೆತ್ತನ ಕಗ್ಗತ್ತಲೆಯನ್ನು ಕಾಣಿಸಿದುದು ದೀಪದ ಚಾತುರ್ಯವಲ್ಲ, ಶಬ್ದದ ಚಾತುರ್ಯ.

ಹೊಸ ಗ್ಲೋಬಿನ ಅಂಗಳವು ಆಂಗ್ಲಭಾಷೆಗೆ ಮಾತ್ರ ಮೀಸಲಾಗಿ ಉಳಿಯಲಿಲ್ಲ. 2012ರಲ್ಲಿ ಷೇಕ್ಸ್‌ಪಿಯರನ 37 ನಾಟಕಗಳನ್ನು ಅಷ್ಟೇ ಸಂಖ್ಯೆಯ ಭಾಷೆಗಳಲ್ಲಿ, ನಾನಾ ದೇಶಗಳ ಮಂಡಲಿಗಳು ಅಲ್ಲಿ ಆಡಿದುವು. ನಮ್ಮ ದೇಶದಿಂದ ಹಿಂದಿಯ ನಾಟಕವೊಂದೂ ಗುಜರಾತಿಯ ನಾಟಕವೊಂದೂ ಹೋಗಿದ್ದುವು. ಭಾಷೆ ತಿಳಿಯದವರೂ ನಿಂತು ನೋಡಿದರು.

ಹಾಗೆಂದು ಕಳೆದ ಕಾಲವೇ ಹಿಂದಿರುಗಿತೆಂದು ಯಾರೂ ಭ್ರಮಿಸಬಾರದು. ಕಟ್ಟಡವನ್ನು ಕಟ್ಟಬಹುದು, ಪ್ರೇಕ್ಷಕರನ್ನು ಕಟ್ಟುವುದಾಗುವುದಿಲ್ಲ. ನಾಟಕವು ಮುಂದೇನಾಗುವುದೋ ಎಂದು ತಿಳಿಯದೆ ಬಂದ, ಪ್ಲೇಗಿನ ಭಯದಲ್ಲಿ ಬದುಕುತ್ತಿದ್ದ, ರಾಜದ್ರೋಹದ ಶಿಕ್ಷೆಗಳನ್ನು ಕಣ್ಣಾರೆ ಕಂಡಿದ್ದ ಜನರು ಈಗ ಇಲ್ಲ. ಅಳತೆಯ ವಿಷಯದಲ್ಲಿಯೂ ಸಂದೇಹಗಳು ಬಲವಾಗಿವೆ. 2008ರಲ್ಲಿ ಶೋರ್ಡಿಚ್ಚಿನಲ್ಲಿ ಬರ್ಬೇಜನ 'ಥಿಯೇಟರ್' ಕಟ್ಟಡದ ಅವಶೇಷಗಳು ದೊರೆತುವು. ಅದರ ತೊಲೆಗಳೇ ಗ್ಲೋಬಿಗೆ ಬಂದುವಾದುದರಿಂದ ಎರಡರ ಅಳತೆಗಳಿಗೂ ಸಂಬಂಧವಿರಬೇಕೆಂಬುದು ಸಹಜವಾದ ತರ್ಕ. ಮೂಲ ಗ್ಲೋಬ್ 100 ಅಡಿಗಳಷ್ಟಿರದೆ ಸುಮಾರು 85 ಅಡಿಗಳಿದ್ದಿರಬೇಕೆಂದು ಪುರಾತತ್ತ್ವಜ್ಞರು ಈಗ ವಾದಿಸುತ್ತಾರೆ. 2016ರಲ್ಲಿ ಅಗೆದ 'ಕರ್ಟನ್' ಎಂಬ ನಾಟಕಶಾಲೆಯಾದರೋ ದುಂಡಾಗಿರದೆ ಆಯತಾಕಾರವಾಗಿದ್ದುದು ಕಂಡುಬಂದು, ಆ ಕಾಲದ ರಂಗಮಂದಿರಗಳನ್ನು ಕುರಿತ ಸಿದ್ಧಾಂತಗಳನ್ನೆಲ್ಲ ಮತ್ತೆ ತೂಗಿನೋಡಬೇಕಾಯಿತು.

ಅದೇ 2016ರಲ್ಲಿ ಇನ್ನೊಂದು ವಿವಾದವೂ ಎದ್ದಿತು. ನಾಟಕಶಾಲೆಯ ನಿರ್ದೇಶಕಿಯಾಗಿ ಬಂದ ಎಮ್ಮಾ ರೈಸ್ ಅವರು ವಿದ್ಯುದ್ದೀಪಗಳನ್ನೂ ಧ್ವನಿವರ್ಧಕಗಳನ್ನೂ ಅಳವಡಿಸಿ ನಾಟಕಗಳನ್ನು ಆಡಿಸಿದರು. ಜನರು ತುಂಬಿ ಬಂದರು. ಆದರೂ ಆಡಳಿತ ಮಂಡಲಿಯವರು, ಒಂದೇ ಬೆಳಕಿನ ನಿಯಮವು ಈ ಕಟ್ಟಡದ ಜೀವವೆಂದು ಹೇಳಿ, ಅವರ ಅಧಿಕಾರಾವಧಿಯನ್ನು 2018ಕ್ಕೆ ಕೊನೆಗೊಳಿಸಲು ತೀರ್ಮಾನಿಸಿದರು. ಷೇಕ್ಸ್‌ಪಿಯರನಿಗೆ ವಿದ್ಯುಚ್ಛಕ್ತಿ ದೊರೆತಿದ್ದರೆ ಅವನೂ ಬಳಸುತ್ತಿದ್ದನೆಂದು ಒಂದು ಪಕ್ಷ. ದೀಪಗಳನ್ನು ಹಾಕುವ ನಾಟಕಗೃಹಗಳು ಬೇರೆ ನೂರಾರಿವೆ, ಹಾಕದಿರುವುದಕ್ಕಾಗಿಯೇ ಇದನ್ನು ಕಟ್ಟಿದುದೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿದೆ. ನಮಗೆ ಎರಡನೆಯದು ಹೆಚ್ಚು ಸರಿಯೆಂದು ತೋರುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಪದಾರ್ಥವನ್ನು ಪರೀಕ್ಷಿಸುವವನು ಬೇರೆಯವನ್ನು ಬೆರಸದಂತೆ ನೋಡಿಕೊಳ್ಳುತ್ತಾನೆ. ಗ್ಲೋಬ್ ಒಂದು ಪ್ರಯೋಗಶಾಲೆಯೆಂದು ಒಪ್ಪಿದ ಮೇಲೆ ಆ ನಿಯಮವನ್ನೂ ಒಪ್ಪಬೇಕು.

ಪುನರ್ನಿರ್ಮಾಣಕ್ಕೆ ಬೆಲೆ ಬರುವುದು ಅದು ಮೂಲದಂತೆಯೇ ಇದೆಯೆಂದು ಸಾಧಿಸುವುದರಿಂದಲ್ಲ. ಇಲ್ಲಿಯವರೆಗೆ ಆಧಾರವುಂಟು, ಇಲ್ಲಿಂದ ಮುಂದೆ ಊಹೆಯೆಂದು ಮುಚ್ಚುಮರೆಯಿಲ್ಲದೆ ಹೇಳಿ, ಆ ಊಹೆಯನ್ನು ನಟರೂ ಪ್ರೇಕ್ಷಕರೂ ದಿನದಿನವೂ ಪರೀಕ್ಷಿಸುವಂತೆ ತೆರೆದಿಡುವುದರಿಂದ. ಹೊಸ ಗ್ಲೋಬನ್ನು ಕಟ್ಟಿದವರು ತಮ್ಮ ಕಟ್ಟಡವು ಸಾಧ್ಯವಾದಮಟ್ಟಿಗೆ ಒಳ್ಳೆಯ ಊಹೆಯೆಂದು ಮಾತ್ರವೇ ಹೇಳಿಕೊಂಡಿದ್ದಾರೆ. ಈ ವಿನಯವೇ ಅವರ ಕೆಲಸವನ್ನು ವಸ್ತುಪ್ರದರ್ಶನದ ಗ್ಲೋಬುಗಳಿಂದ ಬೇರ್ಪಡಿಸುವುದು. ಮುಂದೊಂದು ದಿನ ಆಂಕರ್ ಟೆರೇಸಿನ ಕೆಳಗಿನ ನೆಲವನ್ನು ಪರೀಕ್ಷಿಸುವ ಅವಕಾಶ ಒದಗಿ, ಹೊಸ ಕಟ್ಟಡದ ಅಳತೆ ತಪ್ಪೆಂದು ಸಿದ್ಧವಾಗಬಹುದು. ಆಗಲೂ, ಒಂದೇ ಬೆಳಕಿನಲ್ಲಿ ಆಡುವವರೂ ನೋಡುವವರೂ ಎದುರುಬದುರಾಗಿ ನಿಂತರೆ ಈ ನಾಟಕಗಳ ಅರ್ಥವು ಹೇಗೆ ಬದಲಾಗುವುದೆಂಬ, ಅಲ್ಲಿ ಕಲಿತ ಪಾಠವು ತಪ್ಪಾಗಲಾರದು. ನಮ್ಮ ವಿದ್ಯಾರ್ಥಿಗಳು ಲಂಡನ್ನಿಗೆ ಹೋಗದೆಯೂ ಆ ಪಾಠವನ್ನು ಪಡೆಯಬಹುದು. ಪಠ್ಯಪುಸ್ತಕವನ್ನು ಹಿಡಿದು ಕಾಲೇಜಿನ ಅಂಗಳಕ್ಕೆ ಬಂದು, ಹಗಲಿನಲ್ಲಿ, ಸುತ್ತಲೂ ಸಹಪಾಠಿಗಳನ್ನು ನಿಲ್ಲಿಸಿಕೊಂಡು, ಒಂದು ದೃಶ್ಯವನ್ನು ಗಟ್ಟಿಯಾಗಿ ಆಡಿದರೆ ಸಾಕು.